ನೆಲಮಾಳಿಗೆಯ ನೀಳಗಾಲಿನ ಜೇಡರ ಹುಳು: ಅದರ ಗುರುತು, ನಡೆವಳಿ ಹಾಗೂ ಅದರ ಮೇಲೆ ಬಂದಿರುವ ಅಪವಾದ

ಕಲಬುರಗಿ ನಗರದ ನೆಹರು ಗಂಜಿನ ಕಾಳುಕಡಿಯ ಗೋದಾಮುಗಳನ್ನಾಗಲಿ, ಹುಮನಾಬಾದ ರಸ್ತೆಯಲ್ಲಿರುವ ಕಮಲಾಪುರದ ಸುತ್ತಣ ಹಳ್ಳಿಗಳ ಹಳೆಯ ವಾಡೆಗಳನ್ನಾಗಲಿ ಹೊಕ್ಕು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಂತು, ಜಂತಿಗಳ ಸಂದುಗಳನ್ನೂ ಗೋಡೆಯ ಮೂಲೆಗಳನ್ನೂ ನೋಡಿದವರಿಗೆ ಒಂದು ಪ್ರಾಣಿಯು ತಪ್ಪದೆ ಕಾಣಸಿಗುವುದು. ಕೂದಲೆಳೆಯಂತಹ ಎಂಟು ಕಾಲುಗಳು, ನಡುವೆ ಜೋಳದ ಕಾಳಿನಷ್ಟು ಮೈ, ಅಡಿಮೇಲಾಗಿ ತೂಗುವ ಭಂಗಿ. ಇದೇ ನೆಲಮಾಳಿಗೆಯ ಜೇಡರ ಹುಳು. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯವಷ್ಟೆ. ಶಹಾಬಾದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲದೊಳಗಿನ ಕೋಣೆ ಇವೆಲ್ಲವನ್ನೂ ಹಿರಿಯರು ತಮ್ಮ ತಂಪಿಗಾಗಿ ಕಟ್ಟಿಕೊಂಡರು. ಆ ತಂಪನ್ನು ಈ ಹುಳವೂ ಹಂಚಿಕೊಂಡಿತು. ಮನುಷ್ಯನ ಮನೆಯನ್ನು ಇಷ್ಟೊಂದು ನೆಚ್ಚಿಕೊಂಡ ಜೇಡವು ಇನ್ನೊಂದಿಲ್ಲವೆಂದರೂ ಸಲ್ಲುವುದು.

ಈ ಹುಳವನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯಬೇಕೆಂಬ ಎಣಿಕೆಯು ಮೊದಲು ನನಗಿರಲಿಲ್ಲ. ಬೆಳೆಗೆ ಹತ್ತುವ ಕೀಟಗಳೇ ಬೇಕಾದಷ್ಟಿರುವಾಗ ಮೂಲೆಯ ಜೇಡವನ್ನು ವಿಚಾರಿಸುವವರಾರು? ಆದರೆ ಕಳೆದ ಮುಂಗಾರಿನಲ್ಲಿ ನಡೆದ ಒಂದು ಸಂಗತಿಯಿಂದ ಈ ಅಭಿಪ್ರಾಯವನ್ನು ಬದಲಿಸಬೇಕಾಯಿತು.

ಕಮಲಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಕೆಂಪು ಬಾಳೆಯ ತೋಟವನ್ನೂ ತೊಗರಿಯ ಹೊಲವನ್ನೂ ಉಳ್ಳ ಒಬ್ಬ ಹಿರಿಯ ಜಮೀನುದಾರರಿದ್ದಾರೆ. ಬಿತ್ತನೆಯ ಬೀಜದ ವಿಷಯವಾಗಿ ಅವರ ಮನೆಗೆ ಹೋಗಿದ್ದೆನು. ಪಡಸಾಲೆಯಲ್ಲಿ ಕಾಲಿಡುತ್ತಲೇ ಹೊಲಕ್ಕೆ ಹೊಡೆಯುವ ಔಷಧದ ಘಾಟು ಮೂಗಿಗೆ ಬಡಿಯಿತು. ವಿಚಾರಿಸಲಾಗಿ, ಒಂಬತ್ತು ವರ್ಷದ ಮೊಮ್ಮಗಳ ಕೊರಳಲ್ಲಿ ಬೆಂಕಿ ತಗಲಿದಂತೆ ಉದ್ದಕ್ಕೆ ಬೊಕ್ಕೆಗಳೆದ್ದಿದ್ದುವೆಂದೂ, ಅದಕ್ಕೆ ನೆಲಮಾಳಿಗೆಯ ಜೇಡಗಳೇ ಕಾರಣವೆಂದೂ ತಿಳಿಸಿದರು. "ಸಾಹೇಬ್ರ, ಈ ಜ್ಯಾಡರ ಹುಳ ರಾತ್ರಿ ಮ್ಯಾಲಿಂದ ಉಚ್ಚಿ ಹೊಯ್ತಾವ್ರಿ. ಕೂಸಿನ ಕೊಳ್ಳಾಗ ನೋಡ್ರಿ ಹ್ಯಾಂಗ ಸುಟ್ಟದ. ಅದಕ್ಕ ನಿನ್ನಿ ಪಂಪ ಬೆನ್ನಿಗೆ ಹಾಕ್ಕೊಂಡು ಕೆಳಗೆಲ್ಲ ಎಣ್ಣಿ ಹೊಡಸೀನಿ," ಎಂದರು.

ಕೆಳಗಿಳಿದು ನೋಡಿದೆನು. ಜೇಡಗಳು ಕಾಲು ಮಡಚಿಕೊಂಡು ನೆಲದ ಮೇಲೆ ಉದುರಿ ಬಿದ್ದಿದ್ದುವು. ಅದೇ ಕೋಣೆಯಲ್ಲಿ ಬಿತ್ತನೆಯ ತೊಗರಿಯ ಚೀಲಗಳೂ, ಮನೆಮಂದಿಯೆಲ್ಲ ವರುಷವೆಲ್ಲ ಉಣ್ಣತಕ್ಕ ಜೋಳದ ಚೀಲಗಳೂ ಇದ್ದುವು. ಗೋಣಿಯ ಮೇಲೆ ಹನಿಗಳ ಕಲೆ ಸ್ಪಷ್ಟವಾಗಿ ಕಾಣುತ್ತಲಿತ್ತು. ಕೈಹಾಕಿ ನೋಡಿದರೆ ಒಳಗಿನ ಕಾಳೂ ಅಲ್ಲಲ್ಲಿ ತೊಯ್ದಿತ್ತು. ಮರುದಿನ ಅದರಲ್ಲೊಂದು ಚೀಲವು ಗಿರಣಿಗೆ ಹೋಗುವುದಿತ್ತು.

ಆ ಜೋಳವನ್ನು ಬೀಸಿಸಕೂಡದು, ದನಗಳಿಗೂ ಹಾಕಕೂಡದು ಎಂದು ಹೇಳಿದಾಗ ಹಿರಿಯರಿಗೆ ಸಿಟ್ಟು ಬಂದಿತು. ವರುಷದ ಕಾಳನ್ನು ಚೆಲ್ಲೆಂದು ಹೇಳುವವನು ಯಾವ ಕೃಷಿ ಅಧಿಕಾರಿ ಎಂದು ಅವರು ಕೇಳಿದುದು ತಪ್ಪೆಂದು ನಾನು ಎಣಿಸುವುದಿಲ್ಲ. ತೊಳೆದು ಒಣಗಿಸಿದರೆ ಸಾಲದೇ ಎಂದೂ ಕೇಳಿದರು. ಹೊಲದ ಔಷಧಗಳು ಕಾಳಿನ ಸಿಪ್ಪೆಯೊಳಕ್ಕೆ ಇಳಿಯುವುದರಿಂದ ನೀರಿನಿಂದಾಗಲಿ ಬಿಸಿಲಿನಿಂದಾಗಲಿ ನಂಬಿಕೆಯಾಗಿ ಹೋಗತಕ್ಕವಲ್ಲವೆಂದು ತಿಳಿಯಹೇಳಿದೆನು. ಕೊನೆಗೆ ಆ ಮಾತನ್ನು ಮುಗಿಸಿದವರು ಮನೆಯ ಯಜಮಾನಿತಿ. "ಕೂಸುಗಳ ಗಂಗಾಳಕ್ಕ ಆ ರೊಟ್ಟಿ ನಾ ಹಾಕಂಗಿಲ್ಲ," ಎಂದು ಒಳಗಿನಿಂದಲೇ ಹೇಳಿಬಿಟ್ಟರು. ಜೋಳವನ್ನು ಬಾವಿಗೂ ತೋಟಕ್ಕೂ ದೂರವಾದ ತಗ್ಗಿನಲ್ಲಿ ಹೂಳಿದುದಾಯಿತು. ತೊಗರಿಯನ್ನು ಬಿತ್ತನೆಗೆ ಮಾತ್ರವೇ ಬಳಸತಕ್ಕದ್ದೆಂದು ಬೇರೆಯಾಗಿ ಕಟ್ಟಿಟ್ಟರು. ಆ ವರುಷ ಅವರ ಮನೆಗೆ ಜೋಳವು ಪೇಟೆಯಿಂದ ಬಂದಿತು.

ಇಷ್ಟಕ್ಕೆ ಮುಗಿಯಲಿಲ್ಲ. ಎಂಟು ದಿನಗಳ ಬಳಿಕ ಅದೇ ಮನೆಯ ಚಿಕ್ಕ ಹುಡುಗನ ಮೊಣಕೈಯ ಮಡಿಕೆಯಲ್ಲಿ ಅಂಥವೇ ಬೊಕ್ಕೆಗಳು ಎದ್ದುವು. ಮನೆಯಲ್ಲಿ ಒಂದು ಜೇಡವೂ ಉಳಿದಿರದಿದ್ದಾಗ ಇವು ಎಲ್ಲಿಂದ ಬಂದುವು? ಈ ಪ್ರಶ್ನೆಗೆ ಉತ್ತರವನ್ನು ಮುಂದೆ ಹೇಳುವೆನು. ಮೊದಲು ಆರೋಪಿಯ ಗುರುತನ್ನು ಮಾಡಿಕೊಳ್ಳುವುದು ಯೋಗ್ಯ.

ಜೇಡವು ಕೀಟವಲ್ಲ. ಕೀಟಕ್ಕೆ ಆರು ಕಾಲು, ಮೂರು ಭಾಗದ ಮೈ, ಬಹುಮಟ್ಟಿಗೆ ರೆಕ್ಕೆ. ಜೇಡಕ್ಕೆ ಎಂಟು ಕಾಲು, ಎರಡೇ ಭಾಗದ ಮೈ, ರೆಕ್ಕೆಯೆಂಬುದೇ ಇಲ್ಲ. ಮುಂದಿನ ಭಾಗದಲ್ಲಿ ತಲೆಯೂ ಎದೆಯೂ ಕೂಡಿಕೊಂಡಿರುವುವು, ಹಿಂದಿನದು ಹೊಟ್ಟೆ, ಹೊಟ್ಟೆಯ ತುದಿಯಲ್ಲಿ ನೂಲು ತೆಗೆಯುವ ಮೊಲೆಗಳಂಥ ಅಂಗಗಳುಂಟು. ನಮ್ಮ ಭಾಷೆಯಲ್ಲಿ ಜೇಡನೆಂದರೆ ನೇಯುವವನೆಂದೂ ಅರ್ಥವಿರುವುದು. ಸುರಪುರ ತಾಲೂಕಿನ ಮುದನೂರಿನ ಹೆಸರಿನೊಡನೆ ಜೇಡರ ದಾಸಿಮಯ್ಯನ ಹೆಸರನ್ನು ಕೇಳಿರುವ ನಮ್ಮ ಭಾಗದ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಶಾಸ್ತ್ರಜ್ಞರು ನೀಳಗಾಲಿನ ಈ ಜೇಡಗಳನ್ನೆಲ್ಲ ಫೋಲ್ಸಿಡೆ ಎಂಬ ಒಂದು ಕುಟುಂಬದಲ್ಲಿ ಸೇರಿಸಿದ್ದಾರೆ. ಇವುಗಳಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣಬರತಕ್ಕ ಜಾತಿಯೆಂದರೆ ಕ್ರಾಸೊಪ್ರೈಜ ಲಯೋನಿ. ನಮ್ಮ ದೇಶದಿಂದ ಹೋದ ಮಾದರಿಗಳನ್ನು ನೋಡಿ ಇಂಗ್ಲಿಷ್ ವಿದ್ವಾಂಸನಾದ ಜಾನ್ ಬ್ಲಾಕ್‌ವಾಲನು 1867ರಲ್ಲಿ ಇದನ್ನು ವರ್ಣಿಸಿದನು. ವ್ಯಾಪಾರದ ಸರಕಿನೊಡನೆ ಈಗ ಇದು ಭೂಮಂಡಲದ ಬಿಸಿ ಸೀಮೆಗಳಿಗೆಲ್ಲ ಹಬ್ಬಿರುವುದು. ಇದರ ಗುರುತು ಬಹು ಸುಲಭ. ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟು ಹುಳವನ್ನು ಪಕ್ಕದಿಂದ ನೋಡಿರಿ. ಹೊಟ್ಟೆಯು ದುಂಡಾಗಿರದೆ ಮೂಲೆಮೂಲೆಯಾಗಿ, ಒಂದು ಸಣ್ಣ ಪೆಟ್ಟಿಗೆಯಂತೆ ಇರುವುದು. ಅದರ ಹಿಂಬದಿಯ ಮೇಲ್ತುದಿಯಲ್ಲಿ ಮೊಂಡು ಬಾಲದಂಥ ಒಂದು ಕೋಡು ಎದ್ದಿರುವುದು. ಮೈ ಬೂದುಬಣ್ಣ, ಪಕ್ಕಗಳಲ್ಲಿ ಬಿಳಿಯ ಹಾಗೂ ಕಂದು ಮಚ್ಚೆಗಳು. ಕಾಲುಗಳ ಮೇಲೆ ಸಣ್ಣ ಕಂದು ಚುಕ್ಕೆಗಳಿದ್ದು, ಗೆಣ್ಣುಗಳ ಬಳಿಯಲ್ಲಿ ಕಪ್ಪು ಬಿಳಿಯ ಪಟ್ಟೆಗಳಿರುವುವು. ಮೈಯ ಉದ್ದವು ಹೆಚ್ಚೆಂದರೆ 7 ಮಿ.ಮೀ.; ಕಾಲು ಮಾತ್ರ ಎರಡು ಅಂಗುಲವನ್ನು ಮೀರುವುದುಂಟು.

ಎರಡನೆಯದು ಆರ್ಟೆಮ ಅಟ್ಲಾಂಟ. ಇದನ್ನು 1837ರಲ್ಲಿ ಫ್ರೆಂಚ್ ವಿದ್ವಾಂಸನಾದ ವಾಲ್ಕನೇರನು ಹೆಸರಿಸಿದನು. ಈ ಕುಟುಂಬದಲ್ಲಿ ಅತಿ ದಪ್ಪ ಮೈಯುಳ್ಳವುಗಳಲ್ಲಿ ಇದೊಂದು. ಹೊಟ್ಟೆಯು ತೊಗರಿಕಾಳಿನಂತೆ ದುಂಡಗೆ, ಬೂದುಬಣ್ಣದ ಮೇಲೆ ಸಾಲು ಸಾಲಾಗಿ ಕಪ್ಪು ಬೊಟ್ಟುಗಳು. ಕಾಲುಗಳು ಹಳದಿ ಮಿಶ್ರಿತ ಕಂದು, ಅವುಗಳಿಗೆ ಕಪ್ಪು ಬಳೆ ತೊಡಿಸಿದಂತಿರುವುದು. ಬಾಲದಂಥ ಕೋಡು ಇದಕ್ಕಿಲ್ಲ. ಪೆಟ್ಟಿಗೆಯಂತಿದ್ದರೆ ಮೊದಲನೆಯದು, ತೊಗರಿಯಂತಿದ್ದರೆ ಎರಡನೆಯದು ಎಂದು ನೆನಪಿಟ್ಟುಕೊಂಡರೆ ಸಾಕು. ಪುಸ್ತಕಗಳಲ್ಲಿ ಹೆಚ್ಚಾಗಿ ಚಿತ್ರಿಸಿರುವ ಫೋಲ್ಕಸ್ ಫಲಾಂಜಿಯಾಯ್ಡಿಸ್ ಎಂಬುದು ಮೂರನೆಯದು. ಇದು ತಂಪು ದೇಶಗಳ ಮನೆಗಳಲ್ಲಿ ವಿಶೇಷವಾಗಿರುವುದು, ಹೊಟ್ಟೆಯು ನಳಿಗೆಯಂತೆ ಉದ್ದ, ಬಣ್ಣ ಮಾಸಲು. ಸೇವೆಗೆ ಸೇರಿದ ಹೊಸತರಲ್ಲಿ ನಾನು ಪುಸ್ತಕದ ಚಿತ್ರವನ್ನೇ ನಂಬಿ, ಗಂಜಿನ ಗೋದಾಮಿನಲ್ಲಿ ಕಂಡುದೆಲ್ಲವನ್ನೂ ಈ ಹೆಸರಿನಿಂದಲೇ ಬರೆದಿಟ್ಟಿದ್ದೆನು. ಭೂತಗನ್ನಡಿಯಿಂದ ಪಕ್ಕಕ್ಕೆ ನೋಡಿದ ದಿನ ಆ ಟಿಪ್ಪಣಿಗಳನ್ನೆಲ್ಲ ಹೊಡೆದುಹಾಕಬೇಕಾಯಿತು.

ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿದ್ದವರು ಕಣ್ಣುಗಳನ್ನೂ ನೋಡಬಹುದು. ಮೂರು ಮೂರು ಕಣ್ಣುಗಳ ಎರಡು ಗೊಂಚಲುಗಳು ಆಚೆ ಈಚೆ ಇದ್ದು, ನಡುವೆ ಎರಡು ಚಿಕ್ಕ ಕಣ್ಣುಗಳಿರುವುವು. ಇಷ್ಟಿದ್ದರೂ ದೃಷ್ಟಿ ಮಂದ. ಹುಳವು ಜಗತ್ತನ್ನು ತಿಳಿಯುವುದು ನೂಲಿನ ನಡುಕದಿಂದ. ಗಂಡಿನಲ್ಲಿ ಮುಖದ ಮುಂದಿರುವ ಎರಡು ಗಿಡ್ಡ ಕೈಗಳು ಗಂಟುಕಟ್ಟಿದಂತೆ ಉಬ್ಬಿರುವುವು. ಹೆಣ್ಣಿನಲ್ಲಿ ಅವು ಸಣ್ಣವು.

ಇದರಂತೆಯೇ ಉದ್ದ ಕಾಲುಳ್ಳ ಬೇರೆ ಪ್ರಾಣಿಗಳೂ ಉಂಟು. ಕಾಡಿನಲ್ಲಿಯೂ ತಂಪಾದ ಕಲ್ಲುಸಂದುಗಳಲ್ಲಿಯೂ ಇರುವ ಒಂದು ಜಾತಿಗೆ ಮೈಯೆಲ್ಲವೂ ಒಂದೇ ಉಂಡೆ, ಎರಡೇ ಕಣ್ಣು. ಅದು ನೂಲನ್ನೇ ತೆಗೆಯುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ದೊಡ್ಡ ಸೊಳ್ಳೆಯಂತೆ ತೋರುವ ನೀಳಗಾಲಿನ ನೊಣಕ್ಕೆ ಆರು ಕಾಲು, ಎರಡು ರೆಕ್ಕೆ. ರಾತ್ರಿಯಲ್ಲಿ ಗೋಡೆಯ ಮೇಲೆ ಅಂಗೈಯಗಲ ಚಪ್ಪಟೆಯಾಗಿ ಕೂತು ಜಿರಲೆಯನ್ನು ಹಿಡಿಯುವ ದೊಡ್ಡ ಜೇಡವು ಬಲೆಯನ್ನು ಕಟ್ಟುವುದೇ ಇಲ್ಲ. ಹೊಲದ ಬದುವಿನ ಜಾಲಿಯ ಮುಳ್ಳಿನಲ್ಲಿ ಬೂದು ಬಣ್ಣದ ದಟ್ಟವಾದ ಗೂಡು ಕಟ್ಟಿ ನೂರಾರು ಒಂದೇ ಕಡೆ ಬಾಳುವ ಜೇಡವು ಇನ್ನೂ ಬೇರೆ. ಅದರ ಹೆಸರು ಸ್ಟೆಗೊಡೈಫಸ್ ಸರಸಿನೋರಮ್. ಜೇಡಗಳು ಒಂದನ್ನೊಂದು ತಿನ್ನುವ ಜಾತಿಯೆಂದು ಹೇಳುವವರಿಗೆ ಈ ಗೂಡನ್ನು ತೋರಿಸತಕ್ಕದ್ದು.

ಇನ್ನು ನಡೆವಳಿಯ ವಿಚಾರ. ನೆಲಮಾಳಿಗೆಯ ಜೇಡದ ಬಲೆಗೆ ಚೆಂದವಿಲ್ಲ. ತೋಟದ ಜೇಡದ ಚಕ್ರದಂತಹ ಬಲೆಯನ್ನು ನೋಡಿದ ಕಣ್ಣಿಗೆ ಇದು ಹುಡುಗರು ಗೋಜಲುಮಾಡಿ ಬಿಸಾಡಿದ ನೂಲಿನಂತೆ ತೋರುವುದು. ನೂಲಿಗೆ ಅಂಟೂ ಇಲ್ಲ. ಬಲೆಗೆ ಸಿಕ್ಕ ನೊಣವು ಅಂಟಿಕೊಳ್ಳದೆ ಕಾಲು ತೊಡರಿಸಿಕೊಂಡು ಒದ್ದಾಡುವುದು. ಆ ಒದ್ದಾಟವೇ ಜೇಡಕ್ಕೆ ಕರೆ. ಓಡಿಬಂದ ಜೇಡವು ತಕ್ಷಣ ಕಚ್ಚುವುದಿಲ್ಲ. ತನ್ನ ಮೈಯನ್ನು ಬೇಟೆಯಿಂದ ದೂರವಿಟ್ಟು, ಉದ್ದವಾದ ಹಿಂಗಾಲುಗಳಿಂದ ನೂಲನ್ನು ಸೆಳೆಸೆಳೆದು ಎಸೆದು, ಬೇಟೆಯನ್ನು ಲಾಳಿಗೆ ನೂಲು ಸುತ್ತಿದಂತೆ ಸುತ್ತುವುದು. ಅಲುಗಾಟ ನಿಂತ ಮೇಲೆಯೇ ಹತ್ತಿರ ಹೋಗಿ ಕಚ್ಚಿ, ಕರಗಿಸುವ ರಸವನ್ನು ಒಳಗೆ ಬಿಟ್ಟು ಹೀರುವುದು. ನೀಳವಾದ ಕಾಲುಗಳ ಪ್ರಯೋಜನವು ಇಲ್ಲಿ ತಿಳಿಯಬರುವುದು. ತನಗಿಂತ ಬಲವುಳ್ಳ, ವಿಷದಲ್ಲಿ ಹೆಚ್ಚಿನ ಜೇಡಗಳನ್ನೂ ಇದು ಈ ಉಪಾಯದಿಂದಲೇ ಗೆಲ್ಲುವುದು. ಫೋಲ್ಕಸ್ ಜಾತಿಯು ಬೇರೆ ಜೇಡಗಳ ಬಲೆಗೆ ನುಗ್ಗಿ, ಸಿಕ್ಕಿಬಿದ್ದ ಹುಳದಂತೆ ನೂಲನ್ನು ನಡುಗಿಸಿ, ಮೋಸಹೋಗಿ ಬಂದ ಒಡೆಯನನ್ನೇ ಸುತ್ತಿ ತಿನ್ನುವುದನ್ನು ವಿದ್ವಾಂಸರು ವಿವರವಾಗಿ ಬರೆದಿದ್ದಾರೆ.

ಬಲೆಯನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಒಂದು ವಿಶೇಷವನ್ನು ಕಾಣಬಹುದು. ಹುಳವು ಕಾಲುಗಳನ್ನು ಊರಿಕೊಂಡು ಮೈಯನ್ನು ಗರಗರನೆ ತಿರುಗಿಸತೊಡಗುವುದು; ವೇಗ ಎಷ್ಟೆಂದರೆ ಮೈಯ ಆಕಾರವೇ ಕಣ್ಣಿಗೆ ನಿಲುಕದೆ ಹೊಗೆಯಂತೆ ತೋರುವುದು. ಮಕ್ಕಳು ಇದನ್ನು ದೆವ್ವ ಕುಣಿಯಿತೆಂದು ಹೆದರಿ ಓಡುವುದನ್ನು ಕಂಡಿದ್ದೇನೆ. ಹೆದರಿರುವುದು ಹುಳವೇ ಹೊರತು ಬೇರೆಯಲ್ಲ. ಕಾಣದ ಗುರಿಯನ್ನು ಹಾರುಜೇಡವಾಗಲಿ ಹಲ್ಲಿಯಾಗಲಿ ಹಿಡಿಯುವುದು ಕಷ್ಟವಾದುದರಿಂದ ಇದು ಅದರ ರಕ್ಷಣೆಯ ದಾರಿ.

ಹೆಣ್ಣು ಮೊಟ್ಟೆಗಳಿಗೆ ದಟ್ಟವಾದ ಚೀಲವನ್ನು ನೇಯುವುದಿಲ್ಲ. ಹಲವು ಹತ್ತು ಮೊಟ್ಟೆಗಳನ್ನು ಉಂಡೆಮಾಡಿ ನಾಲ್ಕಾರು ಎಳೆ ನೂಲಿನಿಂದ ಬಿಗಿದು, ಆ ಉಂಡೆಯನ್ನು ಬಾಯಲ್ಲಿ ಕಚ್ಚಿ ಹಿಡಿದುಕೊಂಡಿರುವುದು. ಎರಡು ಮೂರು ವಾರಗಳ ಕಾಲ, ಮರಿಗಳು ಹೊರಬರುವವರೆಗೂ, ಹೀಗೆಯೇ. ಬಾಯಿ ತುಂಬಿರುವುದರಿಂದ ಆ ದಿನಗಳಲ್ಲಿ ಉಣಿಸು ಬಹುಮಟ್ಟಿಗೆ ನಿಂತುಹೋಗುವುದು. ಮರಿಗಳು ಕೆಲವು ದಿನ ತಾಯಿಯ ಸುತ್ತಲೇ ನೂಲಿನ ಮೇಲೆ ತೂಗುತ್ತಿದ್ದು, ಪೊರೆ ಕಳಚಿದ ಬಳಿಕ ಒಂದೊಂದೇ ಮೂಲೆಯನ್ನು ಹುಡುಕಿಕೊಂಡು ಹೋಗುವುವು.

ಈ ಜೇಡವು ಏನನ್ನು ತಿನ್ನುವುದೆಂಬುದನ್ನು ತಿಳಿಯಲು ಪುಸ್ತಕವನ್ನು ನಂಬಬೇಕಾಗಿಲ್ಲ. ಬಲೆಯ ಕೆಳಗೆ ಒಂದು ಬಿಳಿಯ ಕಾಗದವನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಎಂಟು ದಿನ ಬಿಡಿರಿ. ಹೀರಿ ಬಿಸಾಡಿದ ಸಿಪ್ಪೆಗಳು ಅದರ ಮೇಲೆ ಬೀಳುವುವು. ನಗರದ ಒಂದು ಗೋದಾಮಿನಲ್ಲಿಯೂ ಕಮಲಾಪುರದ ಕಡೆಯ ಒಂದು ಮನೆಯ ನೀರಿನ ಹೌದಿನ ಬಳಿಯಲ್ಲಿಯೂ ನಾನು ಹೀಗೆ ಕಾಗದವನ್ನು ಹಾಸಿದ್ದೆನು. ಹೌದಿನ ಬಳಿಯ ಕಾಗದದ ಮೇಲೆ ಸೊಳ್ಳೆಗಳೇ ಹೆಚ್ಚು. ಗೋದಾಮಿನಲ್ಲಿ ಇರುವೆಗಳು, ಕಾಳಿನ ಪತಂಗದ ರೆಕ್ಕೆಗಳು, ಬೇರೆ ಜೇಡಗಳ ಕಾಲುಗಳು, ಆಗೊಂದು ಈಗೊಂದು ತೊಗರಿಹುಳದ ಗಟ್ಟಿ ರೆಕ್ಕೆ. ಥಾಯ್ಲೆಂಡ್ ದೇಶದಲ್ಲಿ ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಗಳನ್ನು ಇದೇ ಕ್ರಾಸೊಪ್ರೈಜ ಲಯೋನಿ ಹಿಡಿದು ತಿನ್ನುವುದನ್ನು ಅಭ್ಯಾಸಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ. ನೀರು ಸಾಲದೆ ಹೌದುಗಳಲ್ಲಿಯೂ ಪೀಪಾಯಿಗಳಲ್ಲಿಯೂ ತುಂಬಿಟ್ಟುಕೊಳ್ಳುವ ನಮ್ಮ ಊರುಗಳಿಗೆ ಇದು ಲಕ್ಷ್ಯವಿಡತಕ್ಕ ವಿಷಯ. ಹಾಗೆಂದು ಜೇಡವನ್ನು ನಂಬಿ ಹೌದಿನ ಬಾಯನ್ನು ತೆರೆದಿಡಲಾಗದು. ಮುಚ್ಚಳವೂ ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದೂ ಬೇಕೇ ಬೇಕು.

ಕಾಳಿನ ವಿಷಯದಲ್ಲಿಯೂ ಅತಿಯಾಗಿ ಹೊಗಳುವುದು ಸಲ್ಲದು. ತೊಗರಿಹುಳವು ಕಾಳಿನ ಮೈಗೆ ಬಿಳಿಯ ಚುಕ್ಕೆಯಂಥ ಮೊಟ್ಟೆಯನ್ನು ಅಂಟಿಸುವುದು; ಮರಿಯು ಕಾಳಿನೊಳಗೇ ಕೊರೆದುಕೊಂಡು ಬೆಳೆದು, ದುಂಡನೆಯ ತೂತುಮಾಡಿ ಹೊರಬರುವುದು. ಈ ಹುಳದ ಹಾವಳಿಯು ಹೊಲದಲ್ಲಿ ಕಾಯಿ ಒಣಗುವಾಗಲೇ ಮೊದಲಾಗುವುದುಂಟು. ಚೀಲದ ನಡುವಿನ ಕಾಳಿನೊಳಗಿರುವ ಮರಿಗೂ ಮೂಲೆಯ ಜೇಡಕ್ಕೂ ಏನು ಸಂಬಂಧ? ಹೊರಬಂದು ಗೋಡೆಯನ್ನೇರಿದ ಹುಳವಷ್ಟೇ ಜೇಡದ ಪಾಲು. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ಕಲಬುರಗಿ ತೊಗರಿಯನ್ನು ಕಾಯುವ ಕೆಲಸವು ರೈತನದೇ. ತೇವವು ನೂರಕ್ಕೆ 9-10ರ ಒಳಗೆ ಬರುವವರೆಗೆ, ಎಂದರೆ ಹಲ್ಲಿನಿಂದ ಕಡಿದರೆ ಕಟ್ಟೆಂದು ಒಡೆಯುವವರೆಗೆ, ಬಿಸಿಲಿನಲ್ಲಿ ಒಣಗಿಸಬೇಕು. ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಾಗಲಿ ದಪ್ಪ ಚೀಲದಲ್ಲಾಗಲಿ ತುಂಬಬೇಕು. ಹಳೆಯ ಗೋಣಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಬೇಕು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಗಲದಂತೆ ಹಲಗೆಯ ಮೇಲೆ ಒಟ್ಟಬೇಕು. ಮನೆ ಬಳಕೆಯ ಕಾಳಿಗೆ ಕಿಲೋ ಒಂದಕ್ಕೆ 5 ಮಿ.ಲೀ. ಅಡಿಗೆಯ ಎಣ್ಣೆಯನ್ನು ಸವರಿಡುವುದೂ ಒಳ್ಳೆಯ ಪದ್ಧತಿಯೇ. ಗುಳಿಗೆ ಇಟ್ಟು ಹೊಗೆಯಾಡಿಸುವ ಕೆಲಸವನ್ನು ಮಾತ್ರ ಜನವಸತಿಯ ಮನೆಯೊಳಗೆ ಎಂದಿಗೂ ಮಾಡತಕ್ಕದ್ದಲ್ಲ; ಅದು ಶಿಕ್ಷಣ ಪಡೆದ ಅಧಿಕೃತರ ಕೆಲಸವೆಂದು ಕಾನೂನಿನಲ್ಲಿಯೇ ಗೊತ್ತುಮಾಡಿದೆ.

ಹಗೇವುಗಳ ಮಾತು ಇಲ್ಲಿ ಬಂದುದರಿಂದ ಒಂದನ್ನು ಹೇಳಿ ಮುಂದುವರಿಯುವೆನು. ಹಗೇವಿನ ಬಾಯಿಯ ಸುತ್ತಲೂ ಜೇಡಗಳು ನೂಲು ಕಟ್ಟಿರುವುದುಂಟು, ಒಳಗೆ ಇರುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಒಳ್ಳೆಯ ಗಾಳಿಯನ್ನು ಮುಗಿಸಿ, ಅಂಗಾರಾಮ್ಲ ವಾಯುವನ್ನು ತುಂಬಿಸಿರುವುದು. ಕಾಳಿನ ಹುಳಗಳು ಸಾಯುವುದೂ ಅದರಿಂದಲೇ, ಅವಸರದಿಂದ ಇಳಿದ ಮನುಷ್ಯನು ಸಾಯುವುದೂ ಅದರಿಂದಲೇ. ದೀಪವನ್ನು ಇಳಿಬಿಟ್ಟು ನೋಡುವ ಹಿರಿಯರ ಪರೀಕ್ಷೆಯೊಂದನ್ನೇ ನಂಬದೆ, ಬಾಯಿ ತೆರೆದು ಒಂದು ದಿನವಾದರೂ ಗಾಳಿಗೆ ಬಿಟ್ಟು, ನಡುವಿಗೆ ಹಗ್ಗವನ್ನು ಕಟ್ಟಿಕೊಂಡು, ಮೇಲೆ ಇಬ್ಬರು ಆಳುಗಳು ಹಗ್ಗ ಹಿಡಿದಿರುವಾಗ ಮಾತ್ರವೇ ಇಳಿಯತಕ್ಕದ್ದು.

ಈಗ ಆ ಬೊಕ್ಕೆಗಳ ಸಂಗತಿ. ನಮ್ಮ ದೇಶದ ಅನೇಕ ಭಾಗಗಳಲ್ಲಿ ಹೀಗೆ ರಾತ್ರೋರಾತ್ರಿ ಏಳುವ ಬೊಕ್ಕೆಗಳನ್ನು ಜೇಡದ ಮೂತ್ರವೆಂದು ಕರೆಯುವ ವಾಡಿಕೆಯಿರುವುದು. ಜೇಡಕ್ಕೆ ನಾವು ತಿಳಿದಂತಹ ಮೂತ್ರವೇ ಇಲ್ಲ. ಅದು ವಿಸರ್ಜಿಸುವುದು ಸುಣ್ಣದ ಹನಿಯಂಥ ಬಿಳಿಯ ವಸ್ತು. ಗೋಡೆಯ ಮೇಲೆ ಒಣಗಿದ ಚುಕ್ಕೆಗಳಾಗಿ ಅದನ್ನು ಕಾಣಬಹುದು, ಅದರಿಂದ ಚರ್ಮವು ಸುಡುವುದಿಲ್ಲ. ನೀಳಗಾಲಿನ ಜೇಡಕ್ಕೆ ಲೋಕದಲ್ಲೆಲ್ಲ ಅತಿ ಘೋರವಾದ ವಿಷವಿರುವುದೆಂದೂ, ಹಲ್ಲು ಗಿಡ್ಡವಾದುದರಿಂದ ಮಾತ್ರ ಮನುಷ್ಯರು ಉಳಿದಿದ್ದಾರೆಂದೂ ಹೇಳುವ ಇನ್ನೊಂದು ಕಥೆಯು ವಿದೇಶಗಳಿಂದ ಬಂದು ಈಗ ನಮ್ಮ ಓದಿದ ಹುಡುಗರ ಬಾಯಲ್ಲಿಯೂ ಕೇಳಿಬರುತ್ತಲಿದೆ. ಇದಕ್ಕೂ ಆಧಾರವಿಲ್ಲ. ಇದರ ವಿಷವು ಸೊಳ್ಳೆಗೂ ನೊಣಕ್ಕೂ ಸಾಕಾಗುವಷ್ಟರದು. ಮನುಷ್ಯನಿಗೆ ಹಾನಿಮಾಡಿದ ನಿದರ್ಶನವಿಲ್ಲ.

ಹುಡುಗನ ಕೈಗೆ ಬೊಕ್ಕೆಗಳೆದ್ದ ಮರುದಿನ ಹಿರಿಯರು ತಾವಾಗಿಯೇ ಆಳನ್ನು ಕಳುಹಿಸಿ ನನ್ನನ್ನು ಕರೆಸಿಕೊಂಡರು. ಸಂಜೆ ಮಳೆ ಬಂದು ನಿಂತಿತ್ತು. ಪಡಸಾಲೆಯ ದೀಪದ ಕೆಳಗೆ, ಮಕ್ಕಳು ಮಲಗುವ ಜಾಗದಲ್ಲಿ, ಒಂದು ಬಿಳಿಯ ಧೋತರವನ್ನು ಹಾಸಿ ನಾವಿಬ್ಬರೂ ಕುಳಿತೆವು. ಎಂಟು ಗಂಟೆಯ ಹೊತ್ತಿಗೆ ದೀಪಕ್ಕೆ ಹುಳಗಳು ಮುತ್ತಿದುವು. ಅವುಗಳಲ್ಲಿ ಇರುವೆಯಂತೆ ತೆಳ್ಳಗೆ, ಹೊಟ್ಟೆಯ ತುದಿಯನ್ನು ಚೇಳಿನಂತೆ ಮೇಲೆತ್ತಿಕೊಂಡು ಓಡಾಡುವ ಒಂದು ದುಂಬಿಯು ಧೋತರದ ಮೇಲೆ ಬಿದ್ದಿತು. ಒಂದಾದ ಮೇಲೆ ಇನ್ನೊಂದು, ಮತ್ತೊಂದು. ಉದ್ದವು 7ರಿಂದ 10 ಮಿ.ಮೀ. ತಲೆ ಕಪ್ಪು, ಎದೆ ಕೆಂಪುಗಿತ್ತಳೆ, ಬೆನ್ನಿನ ಮೇಲೆ ನೀಲಿ ಹೊಳಪಿನ ಗಿಡ್ಡ ರೆಕ್ಕೆ, ಹೊಟ್ಟೆ ಮತ್ತೆ ಕೆಂಪು, ತುದಿ ಕಪ್ಪು. ಇದು ಪೀಡರಸ್ ಎಂಬ ಕುಲದ ದುಂಬಿ. "ಇದನ್ನ ನಾ ದಿನಾ ನೋಡ್ತೀನ್ರಿ ಸಾಹೇಬ್ರ, ಇರುವಿ ಅಂತ ತಿಳಕೊಂಡಿದ್ದೆ," ಎಂದರು ಹಿರಿಯರು.

ಈ ದುಂಬಿಯು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಅದರ ರಕ್ತದಲ್ಲಿ ಪೀಡರಿನ್ ಎಂಬ ಉಗ್ರವಾದ ವಸ್ತುವಿರುವುದು. ಅದನ್ನು ತಯಾರಿಸುವುದು ದುಂಬಿಯ ಮೈಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೆಂದು ಈಚೆಗೆ ತಿಳಿದುಬಂದಿದೆ. ನಿದ್ದೆಯಲ್ಲಿ ಕೊರಳ ಮೇಲೆ ಹರಿದಾಡಿದ ದುಂಬಿಯನ್ನು ಕೈಯಿಂದ ಉಜ್ಜಿದರೆ ಅದು ಜಜ್ಜಿಹೋಗಿ ಆ ರಸವು ಚರ್ಮಕ್ಕೆ ಹತ್ತುವುದು. ಉರಿಯೂ ಬೊಕ್ಕೆಯೂ ಕೂಡಲೇ ತೋರದೆ, ಒಂದೆರಡು ದಿನ ಕಳೆದು ತೋರುವುದರಿಂದ ದುಂಬಿಯ ಮೇಲೆ ಯಾರಿಗೂ ಸಂಶಯವು ಬರುವುದಿಲ್ಲ. ಉಜ್ಜಿದ ಗೆರೆಯುದ್ದಕ್ಕೂ ಬೊಕ್ಕೆಗಳು ಸಾಲಾಗಿ ಏಳುವುದೂ, ಮೊಣಕೈಯ ಮಡಿಕೆಯಲ್ಲಿ ಎದುರುಬದುರಾಗಿ ಎರಡು ಕಡೆಯೂ ಏಳುವುದೂ ಇದರ ಗುರುತು. ಕಣ್ಣು ತೆರೆದೊಡನೆ ಮೇಲೆ ನೋಡಿದರೆ ಕಾಣುವುದು ಜೇಡ. ಅಪವಾದವು ಅದರ ತಲೆಗೆ. ಎಲ್ಲ ಬೊಕ್ಕೆಗಳೂ ದುಂಬಿಯಿಂದಲೇ ಆಗುವುವೆಂದು ತಿಳಿಯಬಾರದು. ಮೈಯ ಒಂದೇ ಪಕ್ಕದಲ್ಲಿ ನೋವಿನೊಡನೆ ಪಟ್ಟಿಯಂತೆ ಏಳುವ ಸರ್ಪಸುತ್ತು ಸಿಡುಬಿನ ಬಳಗದ್ದಲ್ಲ, ಅಮ್ಮನೆಂದು ಕರೆಯುವ ನೀರ್ಗುಳ್ಳೆಯ ರೋಗಾಣುವಿನದು. ಅದನ್ನು ವೈದ್ಯರಿಗೇ ತೋರಿಸಬೇಕು.

ದುಂಬಿಯು ಮೈಮೇಲೆ ಕುಳಿತರೆ ಜಜ್ಜದೆ ಊದಿಬಿಡಬೇಕು, ಇಲ್ಲವೇ ಕಾಗದದ ತುದಿಗೆ ಹತ್ತಿಸಿ ಕೊಡವಬೇಕು. ಜಜ್ಜಿಹೋದರೆ ತಡಮಾಡದೆ ಸಾಬೂನಿನಿಂದ ತೊಳೆದು, ಆ ಬಟ್ಟೆಯನ್ನೂ ಒಗೆಯಬೇಕು. ಆ ಕೈಯಿಂದ ಕಣ್ಣನ್ನು ಮುಟ್ಟಲಾಗದು. ಕಣ್ಣಿಗೆ ತಗಲಿದರೆ ದವಾಖಾನೆಗೆ ಹೋಗಲೇಬೇಕು. ಈ ದುಂಬಿಯು ಹಸಿಮಣ್ಣಿನಲ್ಲಿಯೂ ಕೊಳೆತ ಎಲೆಗಸದಲ್ಲಿಯೂ ಹುಟ್ಟಿಬೆಳೆಯುವುದು. ಆ ಮನೆಯಲ್ಲಿ ಬಾಳೆಯ ಸಿಪ್ಪೆಸೆದೆಗಳ ತಿಪ್ಪೆಯು ಪಡಸಾಲೆಯಿಂದ ಇಪ್ಪತ್ತು ಮಾರು ದೂರದಲ್ಲಿಯೇ ಇದ್ದಿತು, ಉಜ್ವಲವಾದ ಬಿಳಿಯ ದೀಪವು ಅದಕ್ಕೆ ಎದುರಾಗಿಯೇ ಉರಿಯುತ್ತಲಿತ್ತು. ತಿಪ್ಪೆಯನ್ನು ಹಿತ್ತಲ ಆಚೆಗೆ ಸಾಗಿಸಿ, ದೀಪವನ್ನು ಹಾಸಿಗೆಯಿಂದ ದೂರದ ಕಂಬಕ್ಕೆ ಹಾಕಿ, ಹಳದಿಯ ಬೆಳಕಿನ ಬಲ್ಬನ್ನು ತೊಡಿಸಿ, ಮಕ್ಕಳಿಗೆ ಸೊಳ್ಳೆಪರದೆಯನ್ನು ಕಟ್ಟಿಸಿದರು. ಮಳೆಗಾಲ ಮುಗಿಯುವವರೆಗೆ ಮತ್ತೆ ಯಾರಿಗೂ ಬೊಕ್ಕೆ ಏಳಲಿಲ್ಲ. ದುಂಬಿಗೂ ಔಷಧ ಹೊಡೆಯಬೇಕೇ ಎಂದು ಅವರು ಕೇಳಿದರು. ಹೊಲದಲ್ಲಿ ಇದೇ ದುಂಬಿಯು ಜಿಗಿಹುಳಗಳನ್ನೂ ಸಣ್ಣ ಪುಟ್ಟ ಕೀಟಗಳನ್ನೂ ಹಿಡಿದು ತಿನ್ನತಕ್ಕದ್ದೆಂದು ಹೇಳಿದಾಗ ಅವರು ನಕ್ಕುಬಿಟ್ಟರು.

ನೆಲಮಾಳಿಗೆಯಲ್ಲಿ ನಿಜವಾಗಿ ಅಂಜತಕ್ಕ ಪ್ರಾಣಿಯೊಂದುಂಟು. ಅದು ಕೆಂಪುಚೇಳು. ಕುಳ್ಳಿನ ರಾಶಿ, ಸಡಿಲವಾದ ಫರಸಿ, ಗೋಡೆಯ ಬಿರುಕು, ಹಳೆಯ ಗೋಣಿ ಇವು ಅದರ ತಾವುಗಳು. ಕುಟುಕಿದ ಬಳಿಕ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ತೋರಿದರೆ, ವಿಶೇಷವಾಗಿ ಮಕ್ಕಳಲ್ಲಿ, ಮಂತ್ರದವನಿಗಾಗಿ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಮಹಾರಾಷ್ಟ್ರದ ಮಹಾಡದ ವೈದ್ಯರಾದ ಡಾ. ಹಿಮ್ಮತರಾವ್ ಬಾವಸ್ಕರರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧದಿಂದ ಇಂತಹ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟ ಮೇಲೆ, ಮೊದಲಿನಷ್ಟು ಸಾವುಗಳಾಗುವುದು ತಪ್ಪಿದೆ. ಚೇಳಿನ ಭಯಕ್ಕೂ ಹೊಲದ ಔಷಧವು ಮದ್ದಲ್ಲ. ಬಿರುಕುಗಳಿಗೆ ಗಾರೆ ತುಂಬಿಸುವುದು, ಕುಳ್ಳನ್ನು ಮನೆಯಿಂದ ಹೊರಗೆ ಒಟ್ಟುವುದು, ಚೀಲವನ್ನು ಬರಿಗೈಯಿಂದ ತಡವರಿಸದಿರುವುದು ಇವೇ ದಾರಿಗಳು.

ಬಲೆಗಳನ್ನು ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಅಭಿಪ್ರಾಯವಿಷ್ಟೆ. ಅಡಿಗೆಯ ಮನೆ, ದೇವರ ಕೋಣೆ, ಮಲಗುವ ಜಾಗ ಇಲ್ಲೆಲ್ಲ ಬಿದಿರಿನ ಗಳಕ್ಕೆ ಕಸಬರಿಗೆಯನ್ನು ಕಟ್ಟಿ ತೆಗೆಯಬಹುದು. ಹೊಗೆ ಹತ್ತಿ ಇಲ್ಲಣವಾಗಿ ಜೋತುಬಿದ್ದ ಹಳೆಯ ಬಲೆಗಳಲ್ಲಿ ಜೇಡವೂ ಇರುವುದಿಲ್ಲ, ಅವನ್ನು ಇಟ್ಟುಕೊಳ್ಳುವುದರಿಂದ ಪ್ರಯೋಜನವೂ ಇಲ್ಲ. ದೀಪಾವಳಿಯ ಸುಣ್ಣ ಬಳಿಯುವ ಕೆಲಸವನ್ನು ಜೇಡಕ್ಕಾಗಿ ನಿಲ್ಲಿಸಬೇಕಾಗಿಯೂ ಇಲ್ಲ. ದನದ ಕೊಟ್ಟಿಗೆ, ಹೌದಿನ ಮೇಲಿನ ಚಾವಣಿ, ಕಾಳಿನ ಕೋಣೆಯ ಎತ್ತರದ ಮೂಲೆಗಳು ಇಲ್ಲಿರುವುವನ್ನು ಅವುಗಳ ಪಾಡಿಗೆ ಬಿಡುವುದು ಲೇಸು. ಪಂಪನ್ನು ಮಾತ್ರ ಮನೆಯ ಹೊಸ್ತಿಲೊಳಗೆ ತರತಕ್ಕದ್ದಲ್ಲ. ಔಷಧದ ಡಬ್ಬಿಗಳನ್ನು ಕಾಳಿನ ಕೋಣೆಯಲ್ಲಿ ಇಡತಕ್ಕದ್ದೂ ಅಲ್ಲ.

ತಮ್ಮ ಊರಿನಲ್ಲಿ ಕಂಡ ಜೇಡದ ಅಥವಾ ದುಂಬಿಯ ಗುರುತು ಹತ್ತದವರು ಅದನ್ನು ಚಿಕ್ಕ ಗಾಜಿನ ಶೀಸೆಯಲ್ಲಿ ದವಾಖಾನೆಯ ಸ್ಪಿರಿಟ್ ಹಾಕಿ ಮುಳುಗಿಸಿ, ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸಬಹುದು. ಊರು, ದಿನಾಂಕ, ಕಂಡ ಜಾಗವು ನೆಲಮಾಳಿಗೆಯೋ ಗೋಡೆಯೋ ದೀಪದ ಬಳಿಯೋ ಎಂಬಿವನ್ನು ಒಂದು ಚೀಟಿಯಲ್ಲಿ ಬರೆದು ಶೀಸೆಯೊಳಗೇ ಹಾಕಬೇಕು. ಬರೆಹವು ಸೀಸದ ಕಡ್ಡಿಯಿಂದಿರಲಿ. ಮಸಿಯು ಸ್ಪಿರಿಟ್ಟಿನಲ್ಲಿ ಕರಗಿಹೋಗುವುದು.